ಚತುರ್ದಶಿಯ ಗೋರಂಟಿ

ಗೋರಂಟಿ ಹೂವಿಗೆ ಬುಡದಲ್ಲಿ ಹಸಿರು ಪುಷ್ಪಪತ್ರಗಳು ನಾಲ್ಕು. ಹೊರಗಿನ ಎರಡು ಅಗಲ, ಅಂಚಿಗೆ ಸಣ್ಣ ಮುಳ್ಳು. ಒಳಗಿನ ಎರಡು ದಾರದಷ್ಟು ಸಣ್ಣವು. ಹೂ ಉದುರಿದರೂ ಅವು ಗಿಡದಲ್ಲೇ ಉಳಿಯುತ್ತವೆ. ಅದಕ್ಕೇ ಉದುರಿದ ಹೂ ಸಾಲದು, ಹೂವಿರುವ ಟೊಂಗೆಯೇ ಬೇಕು. ನನ್ನ ಎಂ.ಎಸ್ಸಿ. ಸಸ್ಯಸಂಗ್ರಹದಲ್ಲಿ ಹಳದಿ, ನೇರಳೆ ಗೋರಂಟಿ ಇದ್ದವು. ಬಿಳಿಯದರ ಹಾಳೆ ಖಾಲಿ ಇತ್ತು. ಕಾರ್ತಿಕ ಅರ್ಧಕ್ಕೆ ಬಂದಿತ್ತು, ಹೂವಿನ ಕಾಲ ಮುಗಿಯುತ್ತಿತ್ತು. ಮುಂದಿನ ಹೂವಿನ ಹೊತ್ತಿಗೆ ನನ್ನ ಓದೇ ಮುಗಿದಿರುತ್ತಿತ್ತು.

ಇಚಲಕರಂಜಿಯಲ್ಲಿ ಮಗ್ಗಗಳ ಸದ್ದು ಬಿಟ್ಟು, ಕೊಲ್ಹಾಪುರದಲ್ಲಿ ಬಸ್ಸು ಬದಲಿಸಿದೆ. ಕಾಗಲ ದಾಟಿದ ಮೇಲೆ ಕಬ್ಬಿನ ಬಿಳಿ ತುರಾಯಿಗಳು ಎರಡೂ ಕಡೆ ಬಾಗುತ್ತ ಬಂದವು. ನಿದ್ದೆಯೋ ಎಚ್ಚರವೋ ತಿಳಿಯದೆ ಗಡಹಿಂಗ್ಲಜ ಬಂತು.

ಗೆಳತಿಯ ಕಾಕು, ಅಂದರೆ ಚಿಕ್ಕಮ್ಮ, ಸುನಂದಾ ಅವರ ಹೊಲದ ಬೇಲಿಯಲ್ಲಿ ಬಿಳಿ ಗೋರಂಟಿ ಗಿಡವಿತ್ತು, ಸೊಂಟದೆತ್ತರ. ಅರಳಿದ ಹೂ ಒಂದು, ಮೊಗ್ಗು ಎರಡು. ಕತ್ತರಿ ತೆಗೆದೆ. ಕಾಕು ತಡೆದರು.

"ಚೊಲೋ ದಿವಸ ಬಂದೀ ನೋಡವಾ! ಇವತ್ತ ಚತುರ್ದಶಿ. ನಮ್ಮ ಜೈನರ ಮನ್ಯಾಗ ಹಸಿರಿಗೆ ಕೈ ಹಚ್ಚಂಗಿಲ್ಲ."

"ಒಂದ ಸಣ್ಣ ಟೊಂಗಿ ರೀ, ಕಾಕೂ."

"ಸಣ್ಣ ಟೊಂಗ್ಯಾಗ ಜೀವಾನೂ ಸಣ್ಣದಿರತೈತೇನು? ಇಷ್ಟ ಕಲ್ತೀ, ಮನ್ಯಾಗ ಕ್ಯಾಲೆಂಡರ್ ಇಲ್ಲೇನು?" ನಕ್ಕರು. "ವಸ್ತಿ ಇರು. ನಾಳೆ ಕೊಯ್ಯುವಂತಿ."

ಮಳೆ, ಬಸ್ಸು, ರಜೆ ಎಲ್ಲ ನೋಡಿ ಹೊರಟಿದ್ದೆ. ತಿಥಿ ನೋಡಿರಲಿಲ್ಲ.

ಹೊತ್ತು ಮುಳುಗುವ ಮೊದಲೇ ಊಟವಾಯಿತು: ಜೋಳದ ರೊಟ್ಟಿ, ಹೆಸರುಬೇಳೆ, ಶೇಂಗಾ ಚಟ್ನಿ. ಆಮೇಲೆ ಗಿಡದ ಮುಂದೆ ಕುಳಿತು ಚಿತ್ರ ಬರೆದೆ. ಬೆಳಕು ಇಳಿದಂತೆ ಎಲೆಗಳು ಮೊದಲು ಮಾಯವಾದವು, ಮುಳ್ಳು ಆಮೇಲೆ. ಬಿಳಿ ಹೂ ಮಾತ್ರ ಯಾವುದಕ್ಕೂ ಅಂಟದೆ ತೇಲಿದಂತಿತ್ತು. ನೋಡುತ್ತಿದ್ದಂತೆ ಅದು ಉದುರಿತು. ಸದ್ದಾಗಲಿಲ್ಲ.

"ಮೊಗ್ಗು ಅರಳಲಿಲ್ಲಂದ್ರ?" ಎಂದೆ.

ಕಾಕು ಬಿದ್ದ ಹೂವನ್ನು ನನ್ನ ಅಂಗೈಯಲ್ಲಿ ಇಟ್ಟರು. "ಅರಳೂದು ಅದರ ಕೆಲಸ. ನೀ ಮಲಗು."

ಮರುದಿನ ಬೆಳಿಗ್ಗೆ ಒಂದು ಮೊಗ್ಗು ಅರಳಿತ್ತು. ಕಾಕು ತಾವೇ ಟೊಂಗೆ ಬಗ್ಗಿಸಿ ಹಿಡಿದರು. ಗೇಣುದ್ದ ಕತ್ತರಿಸಿ, ಮರಾಠಿ ಪೇಪರಿನ ನಡುವೆ ಇಟ್ಟು, ನಾಲ್ಕೂ ಪುಷ್ಪಪತ್ರ ಕಾಣುವಂತೆ ಸೂಜಿಯಿಂದ ಬಿಡಿಸಿದೆ. ಚೀಟಿಯಲ್ಲಿ ತಾರೀಖಿನ ಪಕ್ಕ 'ಹುಣ್ಣಿಮೆ' ಎಂದು ಬರೆದೆ. ಸಂಗ್ರಹಿಸಿದವರು ಎಂಬಲ್ಲಿ ಮೊದಲು ಸುನಂದಾ ಕಾಕು ಅವರ ಹೆಸರು, ಕೆಳಗೆ ನನ್ನದು.