ಪೆಟ್ಟಿಗೆಯೊಳಗೆ ನಿಂತ ಗಾಜು

ಪಿಂಗಾಣಿ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಪೆಟ್ಟಿಗೆಯಕ್ಕ ಎಂದು ಕರೆಯುತ್ತಿದ್ದರು. ಮದುವೆಯಾಗಿ ಬಂದ ವರ್ಷ ಪ್ಯಾಕಿಂಗ್ ವಿಭಾಗಕ್ಕೆ ಸೇರಿದವಳು, ತಲೆಯಲ್ಲಿ ನರೆ ಕಾಣಿಸಿಕೊಂಡ ಮೇಲೂ ಅಲ್ಲೇ ಇದ್ದಳು. ಕಪ್ಪು, ಸಾಸರು, ತಟ್ಟೆ, ಹೂಜಿ, ಮೂತಿ ಚಾಚಿದ ಟೀ ಕೆಟಲು, ಎಲ್ಲವೂ ಅವಳ ಕೈ ದಾಟಿಯೇ ಹೊರಗಿನ ಲೋಕಕ್ಕೆ ಹೋಗಬೇಕು. ಅವಳು ಕಟ್ಟಿದ ಪೆಟ್ಟಿಗೆಯಿಂದ ಒಡೆದ ಮಾಲು ವಾಪಸ್ಸು ಬಂದದ್ದು ಅಪರೂಪ. ಹೊಸದಾಗಿ ಸೇರಿದವರಿಗೆ ಮೇಸ್ತ್ರಿ, "ಅಕ್ಕನ ಪಕ್ಕ ನಿಂತ್ಕೊಂಡು ಕೈ ನೋಡಿ. ಬಾಯಿ ನೋಡೋಕೆ ಹೋದ್ರೆ ಸಾಯಂಕಾಲ ಆಗಿಬಿಡುತ್ತೆ" ಎನ್ನುತ್ತಿದ್ದ. ಕೈಯಷ್ಟೇ ಚುರುಕು ಅವಳ ಬಾಯಿ.

ಆ ಬಾಯಿಗೆ ಸರಿಸಾಟಿ ಎಂದರೆ ಮನೆಯಲ್ಲಿದ್ದ ಮಾವ. ಗಂಡ ಲಾರಿ ಹತ್ತಿ ಹೋದನೆಂದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಹಾಗಾಗಿ ಮನೆಯಲ್ಲಿ ಮಾವ ಸೊಸೆಯರದೇ ರಾಜ್ಯಭಾರ, ಅವರದೇ ಯುದ್ಧ, ಅವರದೇ ರಾಜಿ. ಮಾವ ಟ್ಯಾಕ್ಸಿ ಓಡಿಸಿ ಸಂಸಾರ ಸಾಕಿದವರು. ಆ ಟ್ಯಾಕ್ಸಿ ಈಗಲೂ ಮನೆಯ ಪಕ್ಕದ ಶೆಡ್ಡಿನಲ್ಲಿತ್ತು. ಅಂಥ ಕಾರು ತಯಾರಿಸುತ್ತಿದ್ದ ಕಂಪನಿ ಬಾಗಿಲು ಹಾಕಿ ಎಷ್ಟೋ ಕಾಲವಾಗಿತ್ತು, ಬಿಡಿಭಾಗಗಳು ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಆದರೆ ಆ ಕಾರನ್ನು ಬಿಟ್ಟಿರಲಾರದ ಹುಚ್ಚರು ಊರಿಗೊಬ್ಬರಂತೆ ಉಳಿದಿದ್ದರು. ಅವರೆಲ್ಲ ಹೇಗೋ ಒಬ್ಬರಿಗೊಬ್ಬರು ಗುರುತಾಗಿ ಒಂದು ಕೂಟ ಕಟ್ಟಿಕೊಂಡಿದ್ದರು. ಒಬ್ಬರ ಬಳಿ ಹೆಚ್ಚಾಗಿದ್ದದ್ದು ಪೆಟ್ಟಿಗೆಯಲ್ಲಿ ಕೂತು ಅಂಚೆಯಲ್ಲಿ ಇನ್ನೊಬ್ಬರಿಗೆ ಹೋಗುತ್ತಿತ್ತು. ಅವರು ಬೇಕಾದ್ದನ್ನು ತೆಗೆದುಕೊಂಡು, ತಮ್ಮದೇನಾದರೂ ಹಾಕಿ ಮುಂದಿನವರಿಗೆ ಕಳಿಸುತ್ತಿದ್ದರು. ದುಡ್ಡಿನ ಮಾತೇ ಇಲ್ಲ. ಕೂಟದ ಕಟ್ಟಳೆ ಎರಡೇ. ನಿಂತುಹೋದ ಕಾರಿಗೆ ಬೇಕಾದ ಭಾಗ ತನ್ನಲ್ಲಿದ್ದರೆ ಇಲ್ಲ ಅನ್ನಬಾರದು. ಮತ್ತೆ, ಪ್ರತಿ ಪೆಟ್ಟಿಗೆಯಲ್ಲೂ ಬಿಚ್ಚಿದವರಿಗೆ ನಗು ಬರುವಂಥ ಒಂದು ವಿಚಿತ್ರ ವಸ್ತು ಇರಲೇಬೇಕು.

ಹೀಗೆ ಮಾವನ ಶೆಡ್ಡಿಗೆ ಏನೇನೋ ಬಂದು ಸೇರಿದ್ದವು. ಒಂದೇ ಒಂದು ಬೋಲ್ಟಿಗಾಗಿ ಯಾರೋ ಹಾವಿನಂತೆ ಬಗ್ಗಿಸಿದ ಸ್ಪ್ಯಾನರು, ಎಮ್ಮೆಯಂತೆ ಕೂಗುವ ರಬ್ಬರ್ ಹಾರ್ನು, ಸೀಟಿನ ಸಂದಿಯಲ್ಲಿ ಸಿಕ್ಕಿದ ಯಾರದೋ ಹಲ್ಲಿನ ಸೆಟ್ಟು. ಆ ಹಲ್ಲನ್ನು ಮಾವ ಕಿಟಕಿಯಲ್ಲಿ ಪ್ರದರ್ಶನಕ್ಕಿಟ್ಟ ದಿನ ಸೊಸೆ ಕಿರುಚಿದ್ದು ಇಡೀ ಬೀದಿಗೆ ಕೇಳಿಸಿತ್ತು.

"ಮಾವ, ಇದನ್ನ ಮುಂದಿನ ಪೆಟ್ಟಿಗೆಗೆ ಹಾಕ್ತೀರೋ, ಇಲ್ಲ ನನ್ನನ್ನೇ ಹಾಕಿ ಕಳಿಸ್ತೀರೋ?"

"ನಿನ್ನ ಹಾಕಿದ್ರೆ ತೂಕ ನೋಡಿ ಅಂಚೆಯವನು ಓಡಿಹೋಗ್ತಾನೆ ತಾಯಿ."

ಹಲ್ಲು ಹೋಯಿತು. ಆದರೆ ಮಾವ ಪೆಟ್ಟಿಗೆ ಕಟ್ಟುವ ರೀತಿ ನೋಡಿದರೆ ಅವಳ ಮೈಯೆಲ್ಲ ಉರಿಯುತ್ತಿತ್ತು. ಮೂಲೆ ಹರಿದ ಡಬ್ಬ, ಎಣ್ಣೆ ಕುಡಿದ ಚಿಂದಿ, ಮೇಲೊಂದು ಹಗ್ಗ. ಒಂದು ದಿನ ತಡೆಯಲಾರದೆ ಅವರ ಕೈಯಿಂದ ಕಿತ್ತುಕೊಂಡಳು. ಅಂದು ಹೋಗಬೇಕಿದ್ದದ್ದು ಇಂಜಿನ್ನಿನ ವಾಲ್ವುಗಳು. ಎಣ್ಣೆಬಟ್ಟೆ ಬಿಚ್ಚಿ, ಸೋಪಿನಲ್ಲಿ ತೊಳೆದು, ಫಳಫಳ ಹೊಳೆಯುವಂತೆ ಒರೆಸಿ, ಒಂದೊಂದನ್ನೂ ಕಾಗದದಲ್ಲಿ ಸುತ್ತಿ, ಕಾರ್ಖಾನೆಯಲ್ಲಿ ಮಾಡುವಂತೆ ಒಣಹುಲ್ಲಿನ ಗೂಡಿನಲ್ಲಿ ಕೂರಿಸಿದಳು. ಪಿಂಗಾಣಿಗೆ ಅದೇ ಅರಮನೆ. ಉಕ್ಕಿಗೆ ಅದೇ ಸ್ಮಶಾನ. ದಾರಿಯ ತೇವವನ್ನೆಲ್ಲ ಹುಲ್ಲು ಹೀರಿಕೊಂಡು, ಎಣ್ಣೆಯಿಲ್ಲದ ಉಕ್ಕು ತುಕ್ಕು ಹಿಡಿದು ತಲುಪಿತು.

ತಲುಪಿದ್ದಾದರೂ ಯಾರಿಗೆ? ಕೂಟದಲ್ಲೇ ಮೊಸರಲ್ಲಿ ಕಲ್ಲು ಹುಡುಕುವವರು ಎಂದು ಹೆಸರಾದ, ದೂರದ ಊರಿನ ಗಡಿಯಾರ ರಿಪೇರಿಯವರಿಗೆ. ಅವರು ಕೂಡಲೇ ಫೋನು ಮಾಡಿದರು.

"ಏನ್ ಯಜಮಾನ್ರೇ, ಮೇಲೆ ಥಳುಕು ಒಳಗೆ ಹುಳುಕು ಅಂತ ಗಾದೆ ಕೇಳಿದ್ದೆ. ಅದನ್ನೇ ಪಾರ್ಸೆಲ್ ಮಾಡಿ ಕಳಿಸಿಬಿಟ್ಟಿದ್ದೀರಲ್ಲ!"

ಮಾವ ಸೊಸೆಯ ಕಡೆ ನೋಡಿ, "ನಮ್ಮ ಹುಡುಗಿ ಕಟ್ಟಿದ್ದು. ಅವಳು ಕಪ್ಪು ಸಾಸರಿನವಳು, ಪಾಪ" ಎಂದರು.

ಬೈದಿದ್ದರೆ ಅವಳು ಎರಡು ಮಾತು ತಿರುಗಿಸಿ ಆಡಿ ಮರೆಯುತ್ತಿದ್ದಳು. ಆ 'ಪಾಪ' ಮಾತ್ರ ಮುಳ್ಳಿನಂತೆ ನಾಟಿತು. ಪೆಟ್ಟಿಗೆ ಕಟ್ಟುವುದರಲ್ಲಿ ತನ್ನನ್ನು ಯಾರೂ ಪಾಪ ಅಂದದ್ದಿಲ್ಲ.

ಅಂದಿನಿಂದ ಅವಳು ಶೆಡ್ಡಿನಲ್ಲಿ ಮಾವನ ಹಿಂದೆ ಬಿದ್ದಳು. ಇದಕ್ಕೇನು ಆಗಿಬರಲ್ಲ, ಅದಕ್ಕೇನು ಆಗಿಬರಲ್ಲ ಎಂದು ಕೇಳಿದ್ದೇ ಕೇಳಿದ್ದು. ಮನುಷ್ಯರಂತೆ ಕಾರಿನ ಭಾಗಗಳಿಗೂ ಒಂದೊಂದು ಪಥ್ಯವಿದೆ ಎಂದು ನಿಧಾನವಾಗಿ ತಿಳಿಯಿತು. ಉಕ್ಕಿಗೆ ಎಣ್ಣೆ ಬೇಕು. ರಬ್ಬರಿಗೆ ಎಣ್ಣೆ ಎಂದರೆ ವಿಷ. ಇದು ಮಾವನಿಗೂ ಗೊತ್ತಿತ್ತು, ಆದರೆ ಎರಡನ್ನೂ ಒಂದೇ ಚಿಂದಿಯಲ್ಲಿ ಸುತ್ತುವ ಚಾಳಿ ಬಿಟ್ಟಿರಲಿಲ್ಲ. ಅವಳು ಉಕ್ಕಿಗೆ ಎಣ್ಣೆ ಸವರಿ ಮೇಣದ ಕಾಗದದಲ್ಲಿ ಸುತ್ತಿದಳು, ರಬ್ಬರಿಗೆ ಮಗುವಿಗೆ ಹಚ್ಚುವಂತೆ ಪೌಡರು ಹಚ್ಚಿದಳು. ಹೊಳಪಿನ ಪಟ್ಟಿಗಳಿಗೆ ಸುತ್ತುವ ಪತ್ರಿಕೆಯ ಶಾಯಿ ತಾಗಬಾರದೆಂದು ಹಳೆ ಪಂಚೆ ಹರಿದಳು. ಅದು ಮಾವನ ಪಂಚೆ, ಅಷ್ಟೇನೂ ಹಳೆಯದಲ್ಲ. ಪುಟ್ಟ ತಿರುಪುಗಳು ಕಳೆದುಹೋಗಬಾರದೆಂದು ಗಂಡನ ಜೋಡಿ ತಪ್ಪಿದ ಕಾಲುಚೀಲದಲ್ಲಿ ಹಾಕಿ, ಅವು ಯಾವ ಭಾಗದವೋ ಅದರ ಕುತ್ತಿಗೆಗೇ ಕಟ್ಟಿದಳು. ಕೂಟದಲ್ಲಿ ಯಾರೂ ಹೊಗಳಲಿಲ್ಲ, ದೂರಲೂ ಇಲ್ಲ. ಪೆಟ್ಟಿಗೆ ಚೆನ್ನಾಗಿ ತಲುಪಿದರೆ ಅದರ ಸುದ್ದಿ ಯಾರು ಎತ್ತುತ್ತಾರೆ?

ಹೀಗಿರುವಾಗ ಗಡಿಯಾರದವರ ಕಾರಿನ ಮೇಲೆ ಮರದ ಕೊಂಬೆ ಬಿದ್ದು ಹಿಂಬದಿಯ ಮೂಲೆ ಗಾಜು ಪುಡಿಯಾಯಿತು. ಮೊರದಗಲದ, ಹೊಟ್ಟೆ ಉಬ್ಬಿದಂತೆ ಬಾಗಿದ ಗಾಜು ಅದು. ಅಂಥದ್ದು ಕೂಟದಲ್ಲಿ ಯಾರ ಬಳಿಯೂ ಹೆಚ್ಚಾಗಿರಲಿಲ್ಲ, ಮಾವನ ಬಳಿ ಬಿಟ್ಟು. ಗುಜರಿಗೆ ಹೋಗುತ್ತಿದ್ದ ಕಾರೊಂದರಿಂದ ತಾವೇ ಬಿಚ್ಚಿ ತಂದು, ಕಂಬಳಿ ಸುತ್ತಿ, ಮಂಚದ ಕೆಳಗೆ ಇಟ್ಟಿದ್ದರು. ಮೊಟ್ಟೆಯ ಮೇಲೆ ಕೂತ ಕೋಳಿಯಂತೆ ಅದರ ಮೇಲೆಯೇ ಮಲಗುತ್ತಿದ್ದರು. ಆದರೂ ಕಟ್ಟಳೆ ಕಟ್ಟಳೆಯೇ.

"ನಾನೇ ರೈಲಲ್ಲಿ ತಗೊಂಡು ಹೋಗಿ ಕೊಟ್ಟು ಬರ್ತೀನಿ" ಎಂದರು ಮಾವ.

"ಮಂಡಿ ಹಿಡ್ಕೊಂಡು ಬಚ್ಚಲಿಗೆ ಹೋಗೋಕೇ ಗೋಡೆ ಬೇಕು ನಿಮಗೆ. ಆ ಗಾಜು ಹೊತ್ಕೊಂಡು ರೈಲು ಹತ್ತುತೀರಾ? ಅಂಚೆಲಿ ಹೋಗ್ಲಿ ಮಾವ. ನಾನು ಕಟ್ತೀನಿ."

ಗಡಿಯಾರದವರಿಗೆ ಇದು ತಿಳಿದು, "ಬೇಡ ಯಜಮಾನ್ರೇ. ಇರೋದೇ ಒಂದು. ನಿಮ್ಮ ಸೊಸೆಗೆ ಬೇಜಾರಾಗೋದು ಬೇಡ, ಆದ್ರೆ ಆ ವಾಲ್ವು ನಾನಿನ್ನೂ ಮರೆತಿಲ್ಲ" ಎಂದರು. ಮಾವ ಫೋನನ್ನು ಎದೆಗೆ ಒತ್ತಿಕೊಂಡು ಸೊಸೆಯ ಮುಖ ನೋಡಿದರು. ಅವಳು ಕೈಯಲ್ಲಿದ್ದ ಪೊರಕೆಯನ್ನು ಗೋಡೆಗೆ ಒರಗಿಸಿ, ಏನೂ ಹೇಳದೆ ನಿಂತಿದ್ದಳು. ಅವಳು ಮಾತಿಲ್ಲದೆ ನಿಂತದ್ದನ್ನು ಮಾವ ಅದೇ ಮೊದಲು ಕಂಡದ್ದು. ಫೋನನ್ನು ಮತ್ತೆ ಕಿವಿಗಿಟ್ಟು, "ಗಾಜು ನನ್ನದು. ಕಟ್ಟೋದು ನನ್ನ ಸೊಸೆ. ಬೇಕಾದ್ರೆ ತಗೊಳ್ಳಿ, ಬೇಡಾಂದ್ರೆ ಕಿಟಕಿಗೆ ರಟ್ಟು ಹಾಕ್ಕೊಂಡು ಓಡಾಡಿ" ಎಂದು ಇಟ್ಟುಬಿಟ್ಟರು.

ಈಗ ಒಡೆದರೆ ಗಾಜೂ ಹೋಯಿತು, ಮಾವನ ಮಾತೂ ಹೋಯಿತು, ತನ್ನ ಹೆಸರಂತೂ ಮಣ್ಣುಪಾಲು.

ಅವಳು ಕಾರ್ಖಾನೆಯಿಂದ, ಭಟ್ಟಿಯಲ್ಲಿ ಓರೆಯಾಗಿ ಬೆಂದು ಬದಿಗೆ ಬಿದ್ದಿದ್ದ ದೊಡ್ಡ ಬಾಗುತಟ್ಟೆಯೊಂದನ್ನು ಕೇಳಿ ತಂದಳು. ಬಾಗಿನಲ್ಲೂ ತೂಕದಲ್ಲೂ ಅದು ಹೆಚ್ಚುಕಡಿಮೆ ಆ ಗಾಜಿನಂತೆಯೇ ಇತ್ತು. ಅದನ್ನು ಪೆಟ್ಟಿಗೆಯಲ್ಲಿ ನಿಲ್ಲಿಸಿ ಕಟ್ಟಿದಳು.

"ಮಲಗಿಸಮ್ಮ, ನಿಂತದ್ದು ಬೀಳಲ್ವಾ?" ಎಂದರು ಮಾವ.

"ಮಲಗಿದ ತಟ್ಟೆ ಬೆನ್ನು ಮುರ್ಕೊಳ್ಳುತ್ತೆ ಮಾವ. ನಿಂತ ತಟ್ಟೆ ಪೆಟ್ಟನ್ನ ಅಂಚಲ್ಲಿ ತಡ್ಕೊಳ್ಳುತ್ತೆ. ತಟ್ಟೆಗಳು ಯಾವತ್ತೂ ನಿಂತೇ ಪ್ರಯಾಣ ಮಾಡೋದು."

ಅಂಗಳಕ್ಕೆ ತಂದು ಬೀಳಿಸಿದಳು. ಬಿಚ್ಚಿದರೆ ತಟ್ಟೆ ಎರಡು ಹೋಳು. ಅವಳು ಹೋಳುಗಳನ್ನು ಜೋಡಿಸಿ ಬಿರುಕು ಎಲ್ಲಿಂದ ಹೊರಟಿದೆ ಎಂದು ನೋಡಿದಳು. ನಡುವಿನಿಂದ. ಉಬ್ಬಿದ ಹೊಟ್ಟೆಯ ಹಿಂದೆ ಜಾಗ ಖಾಲಿ ಬಿಟ್ಟಿದ್ದಳು, ಅಲ್ಲಿಗೆ ಆಸರೆಯಿರಲಿಲ್ಲ. ಮರುದಿನ ಇನ್ನೊಂದು ತಟ್ಟೆ ತಂದಳು. ಆ ಬಾಗಿಗೆ ಸರಿಯಾಗಿ ಬಟ್ಟೆಯ ದಿಂಬು ಹೊಲಿದು ಒಳಗೆ ತುರುಕಿದಳು. ಪೆಟ್ಟಿಗೆಯೊಳಗೊಂದು ಪೆಟ್ಟಿಗೆ ಇಟ್ಟು, ಎರಡರ ನಡುವೆ ನಾಲ್ಕು ಬೆರಳು ಜಾಗ ಬಿಟ್ಟು, ಕಾಗದವನ್ನು ಹಗ್ಗದಂತೆ ಹೊಸೆದು ಸುತ್ತಲೂ ತುಂಬಿದಳು. ಮೂಲೆಯ ಮೇಲೆ, ಅಂಚಿನ ಮೇಲೆ, ಬೆನ್ನಿನ ಮೇಲೆ ಬೀಳಿಸಿದಳು. ತಟ್ಟೆ ಜಗ್ಗಲಿಲ್ಲ. ಆಮೇಲೆಯೇ ಮಂಚದ ಕೆಳಗಿನ ಗಾಜಿಗೆ ಕೈ ಹಾಕಿದ್ದು.

ಅಂಚೆ ಕಚೇರಿಯ ಪಾರ್ಸೆಲ್ ಕೌಂಟರಿನ ಗುಮಾಸ್ತ ಪೆಟ್ಟಿಗೆಯ ಮೇಲಿನ 'ಗಾಜು' ಎಂಬ ಅಕ್ಷರ ಓದಿ ತಲೆಯಾಡಿಸಿದ.

"ಗಾಜು ತಗೊಳ್ಳಲ್ಲಮ್ಮ. ಒಡೆದ್ರೆ ನನ್ನ ತಲೆ ಮೇಲೆ ಬರುತ್ತೆ."

"ಒಡೆಯಲ್ಲ ಸಾರ್."

"ಎಲ್ಲರೂ ಹಾಗೇ ಹೇಳೋದು. ಇಲ್ಲಿಂದ ಗಾಡಿಗೆ ಎಸೀತಾರೆ, ಗಾಡಿಯಿಂದ ಇನ್ನೊಂದು ಗಾಡಿಗೆ ಎಸೀತಾರೆ. ಯಾರ್ ಯಾರ ಕೈ ಹಿಡಿಯೋಕಾಗುತ್ತೆ?"

"ಎಷ್ಟೆತ್ತರದಿಂದ ಎಸೀತಾರೆ?"

ಗುಮಾಸ್ತನಿಗೆ ನಗು ಬಂತು. "ಟೇಪು ಹಿಡಿದು ಎಸೀತಾರೇನಮ್ಮ? ಎದೆಯೆತ್ತರ ಅಂತಿಟ್ಕೋ."

ಅವಳು ಕೌಂಟರಿನ ಮೇಲಿನಿಂದ ಪೆಟ್ಟಿಗೆಯನ್ನು ಎತ್ತಿ, ಎದೆಯೆತ್ತರಕ್ಕೆ ಹಿಡಿದು, ಕೈ ಬಿಟ್ಟಳು.

ಧೊಪ್ಪೆಂದಿತು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಜೊತೆಗೆ ಬಂದಿದ್ದ ಮಾವ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಹಿಂದಿದ್ದ ಬೆಂಚಿನ ಮೇಲೆ ಕುಸಿದು ಕೂತರು. ಗುಮಾಸ್ತ ಎದ್ದು ನಿಂತಿದ್ದ. ಅವಳು ಪೆಟ್ಟಿಗೆಯನ್ನು ಎತ್ತಿ ಅವನ ಕಿವಿಯ ಹತ್ತಿರ ಅಲ್ಲಾಡಿಸಿದಳು.

"ಏನಾದ್ರೂ ಸದ್ದು ಬರುತ್ತಾ ಸಾರ್?"

"ಇಲ್ಲ... ಬಿಚ್ಚಿ ತೋರ್ಸಮ್ಮ."

"ಬಿಚ್ಚಿದ್ರೆ ಮತ್ತೆ ಕಟ್ಟೋಕೆ ನಿಮ್ಮ ಕೌಂಟರು ಮುಚ್ಚೋ ಹೊತ್ತಾಗುತ್ತೆ. ನಾನು ಕಟ್ಟಿದ್ದು ನಾನು ಬಿಚ್ಚಲ್ಲ. ತಲುಪಿದವರು ಬಿಚ್ತಾರೆ."

ಸಾಲಿನ ಹಿಂದಿನಿಂದ ಯಾರೋ, "ತಗೊಳ್ಳಿ ಸ್ವಾಮಿ, ಆಯಮ್ಮ ನಮ್ಮನ್ನೂ ಎತ್ತಿ ಹಾಕಿಯಾಳು" ಎಂದರು. ಗುಮಾಸ್ತ ನಗುತ್ತ ಮುದ್ರೆ ಒತ್ತಿದ.

ಮನೆಯ ಬಾಗಿಲ ಬಳಿ ಚಪ್ಪಲಿ ಬಿಡುತ್ತ ಮಾವ, "ಯಾಕೆ ಹಾಗೆ ಮಾಡ್ದೆ?" ಎಂದು ಮೆಲ್ಲಗೆ ಕೇಳಿದರು.

"ಅವರು ಬೀಳ್ಸೇ ಬೀಳಿಸ್ತಾರೆ ಮಾವ. ಅದಕ್ಕೇ ಅಲ್ವಾ ನಾನು ಕಟ್ಟಿದ್ದು" ಎಂದಳು.

ಬಾಯಲ್ಲಿ ಹಾಗೆ ಹೇಳಿದರೂ ಒಳಗೆ ಬೇರೆಯೇ ಕೊರೆತ. ಅಲ್ಲಾಡಿಸಿದರೆ ಸದ್ದು ಬರಲಿಲ್ಲ, ಸರಿ. ಆದರೆ ಅಷ್ಟು ಬಿಗಿಯಾಗಿ ಕಟ್ಟಿದ ಮೇಲೆ ಒಡೆದ ಗಾಜಾದರೂ ಹೇಗೆ ಸದ್ದು ಮಾಡೀತು? ತನ್ನ ಕೈಚಳಕವೇ ತನಗೆ ಸುಳ್ಳು ಹೇಳಿರಬಹುದು. ಕಾರ್ಖಾನೆಯಲ್ಲಿ ಕಪ್ಪುಗಳನ್ನು ಸುತ್ತುತ್ತಿದ್ದಾಗ ಇದೇ ಯೋಚನೆ ಬಂದು ಕೈ ನಿಲ್ಲುತ್ತಿತ್ತು. "ಏನಕ್ಕ, ಬಾಯಿ ಕಟ್ಟಿದೆ?" ಎಂದು ಮೇಸ್ತ್ರಿ ಕೇಳಿದಾಗ ಮತ್ತೊಂದು ಕಪ್ಪು ಕೈಗೆತ್ತಿಕೊಂಡಳು.

ರಜೆಯ ದಿನ ಅವಳು ಬಟ್ಟೆ ಹರವುತ್ತಿದ್ದಾಗ ಫೋನು ಬಂತು. ಮಾವ ಸ್ಪೀಕರು ಹಾಕಿದರು.

"ಪೆಟ್ಟಿಗೆ ಬಂದಿದೆ ಯಜಮಾನ್ರೇ. ಒಂದು ಮೂಲೆ ಪೂರಾ ಜಜ್ಜಿ ಹೋಗಿದೆ. ಬಿಚ್ಚೋಕೆ ಕೈ ಬರ್ತಿಲ್ಲ."

ಮಾವ ಫೋನನ್ನು ಸೊಸೆಯ ಕಡೆ ಚಾಚಿದರು. ಅವಳು ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡಳು.

"ಅಣ್ಣಾ, ಯಾವ ಮೂಲೆ? ಬಾಣದ ಗುರುತಿನ ಮೇಲಿಂದೋ ಕೆಳಗಿಂದೋ?"

"ಕೆಳಗಿಂದು ಕಣಮ್ಮ."

"ಸರಿ. ಮೇಲಿನ ಟೇಪು ಕತ್ತರಿಸಿ. ಚಾಕು ಬೇಡ, ಕತ್ತರಿ. ಕಾಗದದ ಹಗ್ಗ ಬರುತ್ತೆ, ಒಂದೊಂದಾಗಿ ತೆಗೀರಿ, ಎಳೀಬೇಡಿ."

ಕಾಗದದ ಸರಸರ ಕೇಳುತ್ತಿತ್ತು. ಆ ಸದ್ದಿನಲ್ಲೇ ಅವರ ಕೈ ಎಲ್ಲಿದೆ ಎಂದು ಅವಳಿಗೆ ಗೊತ್ತಾಗುತ್ತಿತ್ತು.

"ಈಗ ಒಳಗಿನ ಪೆಟ್ಟಿಗೆ. ಅದಕ್ಕೆ ಜಜ್ಜಿದೆಯಾ?"

"ಇಲ್ಲ. ಗೀರೂ ಇಲ್ಲ."

"ಹೊರಗೆ ತೆಗೀಬೇಡಿ, ಅಲ್ಲೇ ಮುಚ್ಚಳ ಬಿಚ್ಚಿ. ದಿಂಬು ಇರುತ್ತಲ್ಲ, ಗಾಜು, ದಿಂಬು ಎರಡನ್ನೂ ಸೇರಿಸಿ ಹಿಡ್ಕೊಂಡು ಮೇಲಕ್ಕೆತ್ತಿ. ಮಗು ಎತ್ತಿದ ಹಾಗೆ, ಕೆಳಗೊಂದು ಕೈ ಇರ್ಲಿ."

ಆ ಕಡೆ ಕಾಗದದ ಸರಸರ ನಿಂತಿತು. ಹಗ್ಗದ ಮೇಲಿನ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮಾವ ಜಗಲಿಯ ಅಂಚನ್ನು ಹಿಡಿದು ಕೂತಿದ್ದರು.

"ಅಣ್ಣಾ?"

"ಇರಮ್ಮ." ಗಡಿಯಾರದವರ ದನಿ ಬದಲಾಗಿತ್ತು. "ಬೆಳಕಿಗೆ ಹಿಡಿದು ನೋಡ್ತಿದ್ದೀನಿ. ಗಡಿಯಾರದ ಕೆಲಸದ ಭೂತಗನ್ನಡಿ ಹಾಕ್ಕೊಂಡು ಅಂಚೆಲ್ಲ ನೋಡ್ದೆ. ಒಂದು ಕೂದಲೆಳೆ ಬಿರುಕೂ ಇಲ್ಲ. ನನ್ನ ಅಂಗಡಿಗೆ ಜೀವಮಾನದಲ್ಲಿ ಇಷ್ಟು ಚೆನ್ನಾಗಿ ಕಟ್ಟಿದ ಸಾಮಾನು ಬಂದಿಲ್ಲ ತಂಗಿ. ನಾನು ಇದನ್ನ ಕೂಟದವರಿಗೆಲ್ಲ ಹೇಳ್ತೀನಿ."

"ಹೇಳಿ ಅಣ್ಣ" ಎಂದಳು. ಬೇಡ ಅನ್ನುವ ಸಂಕೋಚ ಅವಳಿಗೆ ಆಗಲಿಲ್ಲ. "ಎಲ್ಲರಿಗೂ ಹೇಳಿ."

ಫೋನಿಟ್ಟು ಅವಳು ಉಳಿದ ಬಟ್ಟೆ ಹರವಲು ಹೋದಳು. ಬೆನ್ನು ನೆಟ್ಟಗಾಗಿತ್ತು. ಮಾವ ಆಗಲೇ ಗೇಟಿನ ಬಳಿ ಎದುರು ಮನೆಯವರನ್ನು ಹಿಡಿದು ನಿಲ್ಲಿಸಿದ್ದರು.

"...ಆ ಗುಮಾಸ್ತ ಆಗಲ್ಲ ಅಂದ ನೋಡಿ, ನಾನು ಸೊಸೆಗೆ ಕಣ್ಸನ್ನೆ ಮಾಡ್ದೆ, ಬೀಳ್ಸು ಅಂತ. ನಮ್ಮ ಮನೆ ಪೆಟ್ಟಿಗೆ ಅಂದ್ರೆ ಏನು ತಿಳ್ಕೊಂಡಿದ್ದೀರಿ? ಸೊಂಟದೆತ್ತರದಿಂದ ಬಿಟ್ಟಳು ನೋಡಿ, ಧೊಪ್ ಅಂತ!"

ಅವಳು ಒದ್ದೆ ಸೀರೆಯನ್ನು ಝಾಡಿಸುತ್ತ ಅಲ್ಲಿಂದಲೇ ಕೂಗಿದಳು.

"ಎದೆಯೆತ್ತರ, ಮಾವ!"