ಸ್ಟ್ರಾಬೆರಿ ಹೊಲದ ಮನೆ

ದೆವ್ವ, ಗಾಳಿ, ಶಕುನ ಎಂದರೆ ನಕ್ಕುಬಿಡುತ್ತಿದ್ದವಳು ನಾನು. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಎಂಬತ್ತರ ದಶಕದ ಆ ಒಂದು ಮಧ್ಯಾಹ್ನವನ್ನು ಏನು ಮಾಡಬೇಕೋ ತಿಳಿಯದೆ ನಿಮ್ಮ ಮುಂದಿಡುತ್ತಿದ್ದೇನೆ.

ಆಗ ನಾವು ಅಮೆರಿಕದ ಯೂನಿಯನ್ ಸಿಟಿಯಲ್ಲಿದ್ದೆವು. ಹಳೆಯ ಕಟ್ಟಡಗಳ ಅಳತೆ ತೆಗೆದು ನಕ್ಷೆ ಬರೆಯುವ ಸಣ್ಣ ಆಫೀಸೊಂದರಲ್ಲಿ ನನಗೆ ಕೆಲಸ. ಕೊಲ್ಲಿಯಂಚಿನ ಒಂದು ಹಳ್ಳಿಯವರು ತಮ್ಮ ಹಳೆಯ ಬೀದಿಯನ್ನು ಸರ್ಕಾರದ ಪಾರಂಪರಿಕ ಪಟ್ಟಿಗೆ ಸೇರಿಸಲು ಒಂದು ಸಮಿತಿ ಮಾಡಿಕೊಂಡು, ಅಳತೆಯ ಕೆಲಸವನ್ನು ನಮಗೆ ಕೊಟ್ಟಿದ್ದರು. ಚರ್ಚು, ಅಂಗಡಿ, ಅಂಚೆ ಕಚೇರಿ ಸಲೀಸಾಗಿ ಸೇರಿದವು. ಜಗಳ ಬಂದದ್ದು ಸ್ಟ್ರಾಬೆರಿ ಹೊಲದ ಹಿಂದಿದ್ದ ಹಲಗೆಯ ಕಟ್ಟಡಕ್ಕೆ. ಅದು ಬುಟ್ಟಿ, ಗುದ್ದಲಿ ಇಡುವ ಶೆಡ್ಡು, ಕೆಡವಿಬಿಡೋಣ ಎಂದು ಸಮಿತಿಯವರು. ಅಲ್ಲ, ಅದು ನಾನು ಹುಟ್ಟಿದ ಮನೆ ಎಂದು ಮಿಚಿಕೊ ಎಂಬ ಅರವತ್ತರ ಹೆಂಗಸು. ಮಹಾಯುದ್ಧದ ಕಾಲದಲ್ಲಿ ಸರ್ಕಾರ ಜಪಾನಿ ಮೂಲದವರನ್ನು ಶಿಬಿರಗಳಿಗೆ ಸಾಗಿಸಿದಾಗ ಅವರ ಮನೆಯವರೂ ಹೋಗಬೇಕಾಯಿತು. ತಾಯಿ ಅಲ್ಲೇ ತೀರಿಕೊಂಡರಂತೆ. ಜಮೀನು ಬೇರೆಯವರ ಹೆಸರಿನಲ್ಲಿದ್ದದ್ದರಿಂದ ಮಿಚಿಕೊ ಅವರ ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ. ನನ್ನ ನಕ್ಷೆಯಲ್ಲಿ ಶೆಡ್ಡು ಎಂದು ಬಿದ್ದರೆ ಅಲ್ಲಿಗೆ ಮುಗಿಯಿತು.

ಅವತ್ತು ಕೊಲ್ಲಿಯ ಕಡೆಯಿಂದ ಮಂಜು ಬಂದು ಹೊಲವೆಲ್ಲ ಬೆಳ್ಳಗಾಗಿತ್ತು. ಬೀಗ ತೆಗೆದು, ಅಭ್ಯಾಸಬಲದಿಂದ ಚಪ್ಪಲಿಯನ್ನು ಹೊರಗೇ ಬಿಟ್ಟೆ, ಒಂದು ಅಲ್ಲಿ, ಒಂದು ಇಲ್ಲಿ. ಶೆಡ್ಡಿಗೆ ಹೋಗಲು ಯಾರಾದರೂ ಚಪ್ಪಲಿ ಬಿಡುತ್ತಾರೆಯೇ? ನನಗೇ ನಗು ಬಂತು. ಒಳಗೆ ಮುರಿದ ಬುಟ್ಟಿಗಳು, ಧೂಳು. ಟೇಪು ಹಿಡಿದು ಅಳೆಯುತ್ತ ಹೋದಂತೆ ಯಾಕೋ ಹಾಯೆನಿಸತೊಡಗಿತು. ಪಾದದಡಿ ಹಲಗೆ ಬೆಚ್ಚಗಿತ್ತು. ಎಲ್ಲಿಂದಲೋ ಅನ್ನ ಬೇಯುವ ವಾಸನೆ. ಪಕ್ಕದ ಕೋಣೆಯಲ್ಲಿ ಯಾರೋ ತಮ್ಮ ಪಾಡಿಗೆ ಓಡಾಡಿಕೊಂಡಿರುವ ಹಾಗೆ. ಭಯವಾಗಲಿಲ್ಲ. ಚಿಕ್ಕಮ್ಮನ ಮನೆಯಲ್ಲಿ ಊಟವಾದ ಮೇಲೆ ಮಂಪರು ಹತ್ತುತ್ತದಲ್ಲ, ಹಾಗೆ ಗೋಡೆಗೊರಗಿ ಎಷ್ಟು ಹೊತ್ತು ಕುಳಿತಿದ್ದೆನೋ.

ಹೊರಗೆ ಬಂದರೆ ಚಪ್ಪಲಿ ಎರಡೂ ಜೋಡಿಯಾಗಿ, ಹೊಲದ ಕಡೆಗೆ ಮುಖ ಮಾಡಿ ಕೂತಿದ್ದವು. ಕಾಲಿಟ್ಟರೆ ಸಾಕು. ಸುತ್ತಲಿನ ಒದ್ದೆ ಮಣ್ಣಿನಲ್ಲಿ ನನ್ನ ಹೆಜ್ಜೆ ಬಿಟ್ಟರೆ ಬೇರೆ ಹೆಜ್ಜೆ ಇರಲಿಲ್ಲ.

ಸಂಜೆ ನಮ್ಮ ಯಜಮಾನರಿಗೆ ಹೇಳಿದೆ. “ಫಾಗು ನಿನ್ ತಲೆಗೂ ಹತ್ತಿದೆ ಕಣೇ. ಯಾವ್ದೋ ನಾಯಿ ಎಳ್ದಿರತ್ತೆ,” ಎಂದರು.

“ನಾಯಿ ಎಲ್ಲಾದ್ರೂ ಜೋಡ್ಸಿಡತ್ತೇನ್ರೀ?” ಎಂದೆ.

ಮರುದಿನ ಹೇಳಲೋ ಬೇಡವೋ ಎನ್ನುತ್ತಲೇ ಮಿಚಿಕೊ ಅವರಿಗೂ ಹೇಳಿದೆ. ಅವರು ನಗಲಿಲ್ಲ. ಮನೆಗೆ ಬಂದವರಿಗೆ ಹೊರಡುವಾಗ ಸುಲಭವಾಗಲೆಂದು ಅವರ ಪಾದರಕ್ಷೆಯನ್ನು ತಿರುಗಿಸಿಡುವುದು ತಮ್ಮವರ ಪದ್ಧತಿ ಎಂದರು. ನನಗೆ ಅದು ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಆ ಮನೆಯಲ್ಲಿ ಅದು ಅವರ ಅಮ್ಮನ ಕೆಲಸವಾಗಿತ್ತಂತೆ. ಆಮೇಲೆ ನನ್ನ ಕೈ ಹಿಡಿದುಕೊಂಡು ಅತ್ತರು. ನನಗೂ ತಡೆಯಲಾಗಲಿಲ್ಲ.

ಸಮಿತಿಯ ಮುಂದೆ ಇದನ್ನೆಲ್ಲ ಹೇಳುವ ಧೈರ್ಯ ನನಗೆಲ್ಲಿತ್ತು? ಮಸಿ ಹಿಡಿದ ಒಂದು ಮೂಲೆಯನ್ನೂ ಒಲೆಯ ಹೊಗೆ ಹೋಗಲು ಕೊರೆದ ತೂತನ್ನೂ ತೋರಿಸಿ, ನಕ್ಷೆಯಲ್ಲಿ ‘ಮನೆ’ ಎಂದು ಬರೆದೆ. ಗೊಣಗುತ್ತಲೇ ಒಪ್ಪಿಕೊಂಡರು. ಕಟ್ಟಡ ಉಳಿಯಿತು.

ಅಂದು ನಡೆದದ್ದೇನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ. ನಕ್ಷೆಯ ಜೊತೆ ತುಂಬಿಕೊಡಬೇಕಿದ್ದ ಫಾರ್ಮಿನಲ್ಲಿ, ಈಗ ಇಲ್ಲಿ ಯಾರಾದರೂ ವಾಸವಿದ್ದಾರೆಯೇ ಎಂಬ ಪ್ರಶ್ನೆಯಿತ್ತು. ಇಲ್ಲ ಎಂದು ಬರೆಯಲು ನನಗೆ ಕೈ ಬರಲಿಲ್ಲ.