ಸುಳ್ಳು ವಿಡಿಯೋಗಳನ್ನು ಕೊನೆಯವರೆಗೂ ನೋಡುವ ಸಿಸ್ಟರ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೆಂಗಸರ ಆಸ್ಪತ್ರೆಯ ತಪಾಸಣಾ ಕೋಣೆಯಲ್ಲಿ ಫಿನಾಯಿಲ್ ವಾಸನೆ. ಮಂಚಕ್ಕೆ ಒಗೆದ ಬಟ್ಟೆ ಹಾಸಿ, ಟ್ರೇ ಜೋಡಿಸಿಟ್ಟ ಸಿಸ್ಟರ್ ಸ್ಟೂಲ್ ಎಳೆದುಕೊಂಡು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಾರೆ. ಗರ್ಭಕಂಠದ ಕ್ಯಾನ್ಸರನ್ನು ಪುಡಿಯೊಂದರಿಂದ ಓಡಿಸುವ ಬಗೆಯನ್ನು ಫೋನಿನಲ್ಲಿ ಒಬ್ಬಾತ ವಿವರಿಸುತ್ತಿದ್ದಾನೆ. ಸಿಸ್ಟರ್ ಮುಖದಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ. ಪೂರ್ತಿ ನೋಡಿ ಮುಂದಿನದನ್ನು ಒತ್ತುತ್ತಾರೆ.

"ಇವತ್ತು ಬರೋರು ಇದನ್ನೇ ನೋಡ್ಕೊಂಡು ಬಂದಿರ್ತಾರೆ. ಅವರ ತಲೇಲಿ ಏನು ಕೂತಿದೆ ಅಂತ ನಂಗೂ ಗೊತ್ತಿರಬೇಡ್ವಾ?"

ಈ ಕೋಣೆಗೆ ದಿನಕ್ಕೆ ಇಪ್ಪತ್ತರಷ್ಟು ಹೆಂಗಸರು ಬರುತ್ತಾರೆ. ಸಿಸ್ಟರ್‌ಗೆ ಈ ಕೆಲಸ ಹಳೆಯದು. ವಿಡಿಯೋ ನೋಡುವ ಅಭ್ಯಾಸ ಹತ್ತಿದ್ದು ಮಾತ್ರ ಮನೆಯಿಂದ. ಒಂದೇ ಸೂರಿನಡಿ ಇರುವ ಓರಗಿತ್ತಿಗೆ ಮುಟ್ಟು ನಿಂತ ಎಷ್ಟೋ ಕಾಲದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡಿತ್ತು. 'ಮೈಯ ಉಷ್ಣ ಹೊರಗೆ ಹೋಗುತ್ತಿದೆ, ಒಳ್ಳೆಯದೇ' ಎಂದಿತ್ತು ಒಂದು ವಿಡಿಯೋ. ಆಕೆ ಅದನ್ನು ನಂಬಿ, ತುಟಿ ಬಿಚ್ಚದೆ ತಿಂಗಳುಗಟ್ಟಲೆ ಕಳೆದರು. ಕೊನೆಗೆ ತಪಾಸಣೆಗೆ ಬಂದಾಗ ಕ್ಯಾನ್ಸರ್ ಬೇರು ಬಿಟ್ಟಿತ್ತು.

"ಮನೇಲೇ ನರ್ಸ್ ಇದ್ದೀನಿ. ಅಕ್ಕಂಗೆ ನನ್ನ ಕೇಳೋಕೆ ನಾಚ್ಕೆ, ಫೋನನ್ನ ಕೇಳೋಕೆ ನಾಚ್ಕೆ ಇಲ್ಲ!" ಎನ್ನುವಾಗ ಸಿಸ್ಟರ್ ದನಿ ಸ್ವಲ್ಪ ಇಳಿಯುತ್ತದೆ.

ವಿಕಿರಣ ಚಿಕಿತ್ಸೆ ಓರಗಿತ್ತಿಯನ್ನು ಹಣ್ಣು ಮಾಡಿತು. ಆದರೆ ಜೀವ ಉಳಿಯಿತು. ಆಗಲೇ ಸಿಸ್ಟರ್ ಅಂತರ್ಜಾಲದಲ್ಲಿ ಸರಿಯಾದ ಮಾಹಿತಿ ಹುಡುಕಲು ಕೂತದ್ದು. ಸಿಕ್ಕಿತು ಕೂಡ. "ನಿಜ ಹೇಳೋ ಪುಟ ಓದಿದ್ರೆ ನಿದ್ದೆ ಬರುತ್ತೆ. ಸುಳ್ಳು ಹೇಳೋನು 'ಅಕ್ಕಾ' ಅಂತ ಬಾಯ್ತುಂಬ ಕರೀತಾನೆ. ಜನ ಯಾರ ಮಾತು ಕೇಳ್ತಾರೆ, ನೀವೇ ಹೇಳಿ."

ಅಂದಿನಿಂದ ಅವರೇ ಮಾತಾಡಿ ಚಿಕ್ಕ ವಿಡಿಯೋಗಳನ್ನು ಮಾಡುತ್ತಾರೆ. ತಪ್ಪಿದ್ದರೆ ಆಸ್ಪತ್ರೆಯ ಡಾಕ್ಟರಮ್ಮ ತಿದ್ದುತ್ತಾರೆ. ಅದಕ್ಕೂ ಮೊದಲು ಓರಗಿತ್ತಿಯ ಪರೀಕ್ಷೆ ದಾಟಬೇಕು. "ಇದು ಪಾಠ ಆಯ್ತು ಕಣೇ, ಮಾತಾಗ್ಲಿಲ್ಲ" ಎಂದು ಆಕೆ ಮೂಗು ಮುರಿದರೆ ಮತ್ತೆ ಮೊದಲಿನಿಂದ ಶುರು.

ಕಳೆದ ವರ್ಷ ಬಟ್ಟೆ ಹೊಲಿಯುವ ಹೆಂಗಸೊಬ್ಬರು ಬಾಗಿಲಲ್ಲೇ ನಿಂತು ಪಟ್ಟು ಹಿಡಿದರು. "ಪರೀಕ್ಷೆ ಮಾಡ್ಸಿದ್ರೆ ರೋಗ ಮೈಯೆಲ್ಲಾ ಹರಡುತ್ತಂತೆ. ನಾ ಒಲ್ಲೆ."

"ಹೌದಾ? ಆ ವಿಡಿಯೋ ತೋರ್ಸಿ, ಇಬ್ರೂ ನೋಡೋಣ," ಎಂದರು ಸಿಸ್ಟರ್.

ಬೆಂಚಿನ ಮೇಲೆ ಕೂತು ಇಬ್ಬರೂ ನೋಡಿದರು. ಕೊನೆಗೆ ಪುಡಿಯ ಡಬ್ಬಿ ಬಂತು, ಜೊತೆಗೆ ಫೋನ್ ನಂಬರು.

"ರೋಗ ಹರಡುತ್ತೆ ಅಂತ ಹೆದರ್ಸಿ ಇವ್ನು ಪುಡಿ ಹರಡ್ತಿದ್ದಾನಲ್ಲಮ್ಮ! ನಾವು ಏನೂ ಕತ್ತರಿಸಲ್ಲ. ಮೆತ್ತಗೆ ಸವರಿ ಒಂಚೂರು ಜೀವಕೋಶ ತಗೋತೀವಿ, ಅಷ್ಟೇ."

ಆಕೆ ಕಿಸಕ್ಕನೆ ನಕ್ಕು ಒಳಗೆ ಬಂದರು. ವರದಿಯಲ್ಲಿ ಜೀವಕೋಶಗಳು ಬದಲಾಗಲು ತೊಡಗಿದ್ದು ಕಂಡಿತು. ಕ್ಯಾನ್ಸರ್ ಇನ್ನೂ ಆಗಿರಲಿಲ್ಲ. ಸಣ್ಣ ಚಿಕಿತ್ಸೆಯಲ್ಲಿ ಆ ಭಾಗ ತೆಗೆದರು. ಕೆಲವೇ ದಿನಗಳಲ್ಲಿ ಆಕೆ ಮತ್ತೆ ಹೊಲಿಗೆ ಯಂತ್ರದ ಮುಂದೆ ಕೂತರು.

ಪುಡಿಯವನ ವಿಡಿಯೋಗಳನ್ನು ಲಕ್ಷಗಟ್ಟಲೆ ಜನ ನೋಡುತ್ತಾರೆ. ಸಿಸ್ಟರ್ ಮಾಡಿದ್ದನ್ನು ನೋಡುವವರು ಕೆಲವು ನೂರು ಮಂದಿ. ಇದರಿಂದ ಬೇಸರವಿಲ್ಲವೇ ಎಂದರೆ ಕೈಗವಸು ಹಾಕಿಕೊಳ್ಳುತ್ತಾ ಬಾಗಿಲ ಕಡೆ ನೋಡುತ್ತಾರೆ. ಹೊರಗೆ ಬೆಂಚು ತುಂಬಿದೆ.

"ಅವನನ್ನ ನೋಡಿದೋರು ಲೈಕ್ ಒತ್ತಲಿ. ನನ್ನ ನೋಡಿದೋರು ಎದ್ದು ಬರ್ಲಿ, ಸಾಕು."